ಬಸುರಿ ಮೀನು

ಬಲೆಗೆ ದುಡ್ಡು, ಮೀನುಮರಿಗೆ ದುಡ್ಡು, ಕೆರೆ ಗುತ್ತಿಗೆಗೂ ದುಡ್ಡು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ಕೆರೆಗೆ ಎಸೆಯುವ ಪ್ಲಾಸ್ಟಿಕ್ ಕವರು ಮಾತ್ರ ಪುಕ್ಕಟೆ. ಕೆರೆ ಹಿಡಿದಿದ್ದ ಬೊಮ್ಮಪ್ಪ, ಹೊಟ್ಟೆ ಉಬ್ಬಿದ ಮೀನು ಬಲೆಗೆ ಬಿದ್ದರೆ ಕೈಮುಗಿದು ನೀರಿಗೇ ಬಿಡುತ್ತಿದ್ದ. ಬಸುರಿಯನ್ನು ಕೊಯ್ಯಬಾರದೆಂಬುದು ಅವರ ಮನೆತನದ ನೇಮ.

ಆ ವರ್ಷ ಅರ್ಧಕ್ಕರ್ಧ ಮೀನು ಬಸುರಿಗಳೇ. ಮರಿ ಮಾತ್ರ ಒಂದೂ ಕಾಣಲಿಲ್ಲ.

ಒಂದು ಬೆಳಿಗ್ಗೆ ಅಂಥದೊಂದು ಮೀನು ಸತ್ತು ದಡಕ್ಕೆ ಬಂದಿತ್ತು. ಹುಲ್ಲು ಕೊಯ್ಯುತ್ತಿದ್ದ ಹೆಂಡತಿ ಜುಂಜಮ್ಮ ಕುಡುಗೋಲು ಹಿಡಿದೇ ಬಂದಳು.

"ಬ್ಯಾಡಲೇ, ಬಸುರಿ ಐತಿ. ಪಾಪ ಸುತ್ಕೊಂತೈತಿ."

"ಸತ್ತದ್ದಕ್ಕ ಎಂಥಾ ಬಾಣಂತನ ಮಾಡ್ತೀರಿ? ಸರೀರಿ ಅತ್ತಾಗ!" ಎಂದವಳೇ ಹೊಟ್ಟೆ ಸೀಳಿದಳು.

ಒಳಗೆ ತತ್ತಿ ಇರಲಿಲ್ಲ. ಮುದ್ದೆಯಾದ ಕವರು, ಅದಕ್ಕೆ ಸುತ್ತಿಕೊಂಡ ನೀಲಿ ದಾರ.

ಜುಂಜಮ್ಮ ಮನೆಯತ್ತ ತಿರುಗಿ ನೋಡಿದಳು. ಹೆರಿಗೆಗೆ ಬಂದಿದ್ದ ಮಗಳು ಮಂಜುಳ ದಿನವೂ ಇದೇ ಕೆರೆಯ ಮೀನು ತಿನ್ನುತ್ತಿದ್ದಳು.

"ಆಕಿ ಹೊಟ್ಟ್ಯಾಗಿನ ಕೂಸಿಗೆ ಏನಾಗೈತೋ, ಯಾರನ್ನ ಕೇಳೋಣ್ರಿ?"

ಬೊಮ್ಮಪ್ಪ ಮನೆಗೆಂದು ತೆಗೆದಿಟ್ಟಿದ್ದ ಮೀನನ್ನೆಲ್ಲ ಗುಂಡಿ ತೋಡಿ ಮುಚ್ಚಿದ.

ಬಲೆ ಬೀಸುವುದನ್ನೇ ಬಿಟ್ಟಿದ್ದರಿಂದ ಆ ವರ್ಷ ಗುತ್ತಿಗೆಯ ದುಡ್ಡು ಹೋಯಿತು. ಮಂಜುಳ ಹೆರುವತನಕ ಇಬ್ಬರ ನಿದ್ದೆಯೂ ಹೋಯಿತು.