ಎಲ್ಲಾದರೂ ಸರಿ

ಬೃಂದಾ ಅಜ್ಜಿಯ ಎರಡೂ ಕಾಲುಗಳ ಹೆಬ್ಬೆರಳು ಜೋಡಿಸಿ ಬಟ್ಟೆಯ ಚೂರಿನಿಂದ ಕಟ್ಟುತ್ತಿದ್ದಳು. ಗಂಟು ಹಾಕುವ ಹೊತ್ತಿಗೆ ಸರಿಯಾಗಿ ಗಂಡ ಶಿವಶಂಕರ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದ.

"ಕೆನಡಾದಿಂದ ಅಣ್ಣ ಮೆಸೇಜ್ ಹಾಕವ್ನೆ. ಟಿಕೆಟ್ ಇವತ್ತೇ ಬುಕ್ ಮಾಡ್ಬೇಕಂತೆ. ಬ್ರಾಂಪ್ಟನ್ನೇ ಅಂತ ಹೇಳ್ಬುಡ್ಲಾ?"

"ಮೊದ್ಲು ಇದನ್ನ ಹಿಡ್ಕಳಿ."

ಅವನು ಗಂಟಿನ ಮೇಲೆ ಬೆರಳಿಟ್ಟ. ಬೃಂದಾ ಬಟ್ಟೆಯನ್ನು ಎಳೆದು ಬಿಗಿದಳು. ಅವಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮನೆ ತುಂಬ ಹೆಂಗಸರಿದ್ದರೂ "ನಿಂಗಾದ್ರೆ ಅಭ್ಯಾಸ ಅದಲ್ಲವ್ವ" ಎಂದು ಎಲ್ಲರೂ ಹಿಂದೆ ಸರಿದು ಈ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದರು. ವಾರ್ಡಿನಲ್ಲಿ ಸತ್ತವರನ್ನು ನೋಡುವುದೇ ಬೇರೆ, ತನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳ ಕಾಲು ಕಟ್ಟುವುದೇ ಬೇರೆ ಎಂದು ಯಾರಿಗೆ ಬಿಡಿಸಿ ಹೇಳುವುದು? ಹೇಳುವ ರೂಢಿ ಅವಳಿಗೆ ಮೊದಲೇ ಕಡಿಮೆ.

ಅಜ್ಜಿ ಮಲ್ಲಾಜಮ್ಮ ಸತ್ತದ್ದು ಇನ್ನೊಬ್ಬ ಮಗನ ಮನೆಗೆ ಹೊರಡುವ ದಿನ. ಗಂಡ ಕರಿಯಯ್ಯ ತೀರಿಕೊಂಡ ಮೇಲೆ ಅವಳದು ಪಾಳಿಯ ಬದುಕು. ಒಂದು ತಿಂಗಳು ಕಟ್ಟೆಮಳಲವಾಡಿಯಲ್ಲಿ ಹಿರಿಮಗ ಶಿವಣ್ಣನ ಮನೆ, ಅಂದರೆ ಬೃಂದಾಳ ತವರು. ಮುಂದಿನ ತಿಂಗಳು ಕೃಷ್ಣರಾಜನಗರದ ಹತ್ತಿರ ಕಿರಿಮಗ ನಟರಾಜುವಿನ ಮನೆ. ಇವತ್ತು ಬೆಳಿಗ್ಗೆ ತಲೆ ಬಾಚಿಕೊಂಡು, ಬ್ಯಾಗನ್ನು ಮಗ್ಗುಲಲ್ಲಿಟ್ಟುಕೊಂಡು ನಟರಾಜುವಿನ ಕಾರಿಗಾಗಿ ಜಗುಲಿಯ ಕಂಬಕ್ಕೆ ಒರಗಿ ಕಾದಿದ್ದಳು. ಅವನು ಬಂದು "ನಡಿಯವ್ವ" ಎಂದಾಗ ಏಳಲಿಲ್ಲ.

ಸತ್ತ ಮೇಲೂ ಪಾಳಿ ಅವಳ ಬೆನ್ನು ಬಿಡಲಿಲ್ಲ ನೋಡಿ.

"ನಮ್ಮನೆಗೆ ಬರೋ ದಿನ ಕಣಕ್ಕ. ಅತ್ತೆಗೆ ಅಂತ ಬಿಸ್ನೀರ್ ಕಾಯ್ಸಿಟ್ಟಿದ್ದೆ," ಎಂದು ನಟರಾಜುವಿನ ಹೆಂಡತಿ ಪವಿತ್ರಾ ಮೂಗು ಒರೆಸಿಕೊಂಡಳು.

"ಬೆಳಿಗ್ಗೆ ಕಾಪಿ ನಮ್ಮನೇಲೇ ಕುಡುದ್ಲು," ಎಂದಳು ಬೃಂದಾಳ ಅವ್ವ ಜಯಲಕ್ಷ್ಮಮ್ಮ.

ಇಬ್ಬರೂ ಅಳುತ್ತಿದ್ದುದು ನಿಜ. ಇಬ್ಬರೂ ಪಟ್ಟು ಸಡಿಲಿಸದೆ ಇದ್ದದ್ದೂ ಅಷ್ಟೇ ನಿಜ. ಕೊನೆಗೆ ಪಕ್ಕದ ಮನೆಯ ಹಿರಿಯ ನಂಜಣ್ಣನೇ ಬಾಯಿ ಹಾಕಬೇಕಾಯಿತು.

"ಸುಮ್ಕಿರ್ರವ್ವ. ಚಿನ್ನದಂತ ಎಂಗ್ಸು. ಇಲ್ಲೇ ಇರ್ತೀನಿ, ಅಲ್ಲೇ ಇರ್ತೀನಿ ಅಂತ ಒಂದಿನ ಅಂದೋಳಲ್ಲ. ಕೂರ್ಸಿದ್ ಕಡೆ ಕೂತ್ಕಂಡ್ಲು." ಅವನು ಬೃಂದಾಳ ಕಡೆ ತಿರುಗಿದ. "ಮೊಮ್ಮಗ್ಳೂ ಅಂಗೇಯ. ಅಳಿಯಂದ್ರು ಪುಣ್ಯ ಮಾಡವ್ರೆ."

ಕೂತವರೆಲ್ಲ ಹೌದೆಂದು ತಲೆದೂಗಿದರು. ಹೊಗಳಿಕೆ ಕೇಳಿ ಬೃಂದಾ ಹೆದರಿದ್ದು ಇದೇ ಮೊದಲು.

ಕೆನಡಾದಲ್ಲಿ ನೆಲೆಸಲು ಅನುಮತಿ ಬಂದಿದ್ದು ಅವಳ ಓದಿನ ಮೇಲೆ, ಅವಳ ಕೆಲಸದ ಅನುಭವದ ಮೇಲೆ. ಹುಣಸೂರಿನ ವರ್ಕ್‌ಶಾಪಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಶಿವಶಂಕರ ಅವಳ ಗಂಡನಾಗಿ ಜೊತೆಗೆ ಹೊರಟವನು. ಯಾವ ಊರಿಗೆ ಬೇಕಾದರೂ ಹೋಗಬಹುದಿತ್ತು. ಹ್ಯಾಲಿಫ್ಯಾಕ್ಸ್‌ನಲ್ಲಿ ಅವಳ ಜೊತೆ ಒಂದೇ ವಾರ್ಡಿನಲ್ಲಿದ್ದ ಲಿಸ್ಸಿ ಇದ್ದಳು. ಬಾವಲಿಯ ಗಡಿ ದಾಟಿದರೆ ಸಿಗುವ ಊರಿನವಳು, ಮಲಯಾಳ ಬೆರೆಸಿದ ಕನ್ನಡದಲ್ಲಿ ಗಲಗಲ ಮಾತಾಡುವವಳು. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಬೃಂದಾಳಿಗೂ ಕೆಲಸ ಗೊತ್ತು ಮಾಡಿಟ್ಟಿದ್ದಳು. ಬ್ರಾಂಪ್ಟನ್‌ನಲ್ಲಿ ಶಿವಶಂಕರನ ಅಣ್ಣ ಸಿದ್ದರಾಜು ಇದ್ದ. ಅವನು ಲಾರಿ ಓಡಿಸುತ್ತಿದ್ದ, ಹೆಂಡತಿ ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಮನೆಯ ಕೆಳಗೆ ಖಾಲಿ ಕೋಣೆ, ಮನೆಯೊಳಗೆ ಎರಡು ಪುಟ್ಟ ಮಕ್ಕಳು.

"ಬೃಂದಾ ಬಂದ್ರೆ ಮಕ್ಕಳ ಚಿಂತೆ ಕಳೀತು. ನರ್ಸ್ ಕೆಲ್ಸ ಆಮೇಲ್ ನೋಡ್ಕಂಡ್ರಾಯ್ತು," ಎಂದು ಸಿದ್ದರಾಜು ಫೋನಿನಲ್ಲಿ ಸಂಭ್ರಮದಿಂದ ಹೇಳುತ್ತಿದ್ದ. ಅವನು ಕೆಟ್ಟವನಲ್ಲ, ತಮ್ಮನನ್ನು ಕಂಡರೆ ಪ್ರಾಣ. ಆದರೆ ಆ "ಆಮೇಲೆ" ಯಾವಾಗ ಬರುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಶಿವಶಂಕರ ಒಂದು ಸಂಜೆ ಊಟ ಮಾಡುತ್ತ "ನಿಂಗೆ ಎಲ್ಲಾಗ್ಬಹುದು?" ಎಂದು ಕೇಳಿದ್ದ. ಸಾರು ಬಡಿಸುತ್ತಿದ್ದವಳ ಬಾಯಿಂದ ರೂಢಿಯಂತೆ ಬಂದದ್ದು "ಎಲ್ಲಾದ್ರೂ ಸರಿ, ನೀವು ನೋಡಿ." ಅಂದಿನಿಂದ ಆ ಮಾತು ಅವಳ ಕೊರಳಿಗೆ ಸುತ್ತಿಕೊಂಡಿತ್ತು.

*

ಪಾಳಿ ಶುರುವಾದಾಗ ಬೃಂದಾ ಇನ್ನೂ ಪಿಯುಸಿ ಓದುತ್ತಿದ್ದಳು. ತಾತನ ತಿಥಿ ಮುಗಿದ ಸಂಜೆ ಇದೇ ಜಗುಲಿಯ ಮೇಲೆ ಹಿರಿಯರು ಕೂತಿದ್ದರು. ಅಪ್ಪ ಒಂದು ತುದಿ, ಚಿಕ್ಕಪ್ಪ ಒಂದು ತುದಿ. ಅವ್ವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಇಬ್ಬರೂ ಹಟ ಮಾಡುತ್ತಿದ್ದರು. ಊರವರ ಮುಂದೆ ಇನ್ನೊಬ್ಬ ಸೋತರೆ ತಾನೇ ಒಳ್ಳೆಯ ಮಗ ಎನಿಸಿಕೊಳ್ಳಬಹುದು ಎಂಬ ಆಸೆ ಇಬ್ಬರಿಗೂ ಇತ್ತು.

ನಂಜಣ್ಣ ಮಲ್ಲಾಜಮ್ಮನನ್ನು ಕರೆಸಿದ. "ನೀನೇ ಏಳವ್ವ. ಎಲ್ಲಿರ್ತೀಯೆ?"

ಬಾಗಿಲ ಮರೆಯಲ್ಲಿದ್ದ ಬೃಂದಾಳಿಗೆ ಅಜ್ಜಿಯ ಮುಖ ಕಾಣುತ್ತಿತ್ತು. ಕುಂಕುಮ ಅಳಿಸಿದ ಹಣೆ. ಅವಳು ಹಿರಿಮಗನನ್ನು ನೋಡಿದಳು, ಕಿರಿಮಗನನ್ನು ನೋಡಿದಳು. ತುಟಿ ಅಲುಗಿತು.

"ಎಲ್ಲಾದ್ರೂ ಸರಿ ಕಣಪ್ಪ. ನೀವ್ ಏಳ್ದಂಗೆ."

ಸಭೆಗೆ ಸಭೆಯೇ ಉಸಿರು ಬಿಟ್ಟಿತು. ಅವಳು ಒಳಗೆ ಹೋಗುವಷ್ಟರಲ್ಲಿ ತಿಂಗಳುಗಳ ಹಂಚಿಕೆ ಆಗಿಹೋಯಿತು. ಎಮ್ಮೆ, ನೊಗ, ತಾಮ್ರದ ಹಂಡೆ ಹಂಚಿಕೊಂಡ ಹಾಗೆಯೇ, ಒಂದೂ ಜಗಳವಿಲ್ಲದೆ.

*

ಪಿರಿಯಾಪಟ್ಟಣದಿಂದ ಅಜ್ಜಿಯ ತವರಿನವರು ಬರುವತನಕ ಹೆಣ ಎತ್ತುವಂತಿರಲಿಲ್ಲ. ಹೆಣ್ಣುಮಗಳು ಮಣ್ಣಿಗೆ ಹೋಗುವಾಗ ಉಡಬೇಕಾದ್ದು ತವರಿನ ಸೀರೆ. ಮಧ್ಯಾಹ್ನದ ಹೊತ್ತಿಗೆ ಮಲ್ಲಾಜಮ್ಮನ ತಮ್ಮ ಕೆಂಪಯ್ಯ ಆಟೋದಿಂದ ಇಳಿದ. ಕಂಕುಳಲ್ಲಿ ಹಸಿರು ಸೀರೆ, ಕೈಯಲ್ಲಿ ಹಾರ. ಅಕ್ಕನ ತಲೆಯ ಹತ್ತಿರ ಕೂತ. ನಂಜಣ್ಣ ಚಿನ್ನದಂಥ ಹೆಂಗಸಿನ ಮಾತು ಮತ್ತೆ ತೆಗೆದ. ಅವಳಿಗೆ ಬಾಯೇ ಇರಲಿಲ್ಲ ಎಂದ.

"ಯಾರ್ಗೆ, ನಮ್ಮಕ್ಕುಂಗಾ?" ಕೆಂಪಯ್ಯ ತಲೆ ಎತ್ತಿದ. "ನಮ್ಮೂರಲ್ಲಿ ಬಾಯಾಳಿ ಅಂತ್ಲೇ ಎಸ್ರಾಗಿತ್ತು ಕಣಣ್ಣ. ನಮ್ಮಪ್ಪ ಅವಳ್ನ ಕೇಳ್ದಲೆ ಅವಳ ಕುರಿಮರಿ ಮಾರ್ದ ಅಂತ ಮೂರ್ ದಿನ ಅವನ ಕೈಗೆ ತಟ್ಟೆ ಕೊಡ್ಲಿಲ್ಲ. ಮರೀನ ವಾಪಸ್ ತಂದ ಮೇಲೇ ಮುದ್ದೆ ಇಕ್ಕಿದ್ದು."

ಚಿಕ್ಕಪ್ಪ ನಟರಾಜು "ನಮ್ಗೆ ಗೊತ್ತೇ ಇರ್ಲಿಲ್ವಲ್ಲ ಮಾವ" ಎಂದ, ಸುಳ್ಳು ಕತೆ ಕೇಳಿದವನಂತೆ. ಬೃಂದಾ ಸೀರೆಯ ಮಡಿಕೆ ಬಿಡಿಸಿ ಅಜ್ಜಿಯ ಮೇಲೆ ಹೊದಿಸಿದಳು. ಅಪ್ಪನಿಗೆ ಎದುರು ನಿಂತ ಆ ಹುಡುಗಿ ಈ ಮೈಯೊಳಗೆ ಎಲ್ಲಿ ಅಡಗಿ ಕೂತಿದ್ದಳು ಎಂದು ನೆನೆದು ಅವಳಿಗೆ ಅಳು ಒತ್ತರಿಸಿ ಬಂತು. ಬೆಳಗಿನಿಂದ ಅತ್ತಿರಲಿಲ್ಲ. ಈಗ ಜೋರಾಗಿಯೇ ಅತ್ತಳು.

ರಾಗಿ ಕೊಯ್ದ ಹೊಲದಲ್ಲಿ ಕರಿಯಯ್ಯನ ಮಗ್ಗುಲಿಗೇ ಗುಂಡಿ ತೆಗೆದಿದ್ದರು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿದರು. ನಂಜಣ್ಣ ಕೈ ಕೊಡವಿಕೊಂಡು, "ಇನ್ಮೇಲಾರ ಒಂದೇ ತಾವ ಇರ್ತಾಳೆ ಬುಡಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಬೃಂದಾಳಿಗೆ ಮಾತ್ರ ಆ ಗುಂಡಿಯ ಮಣ್ಣು ತನ್ನ ಎದೆಯ ಮೇಲೇ ಬಿದ್ದಂತಾಯಿತು.

*

ಹಿಂದಿನ ದೀಪಾವಳಿಗೆ ಬೃಂದಾ ಕೃಷ್ಣರಾಜನಗರದ ಹತ್ತಿರದ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಅಜ್ಜಿ ಹಿತ್ತಲಲ್ಲಿ ದಂಟಿನ ಸೊಪ್ಪಿನ ಪಾತಿಯ ಮುಂದೆ ಕೂತು ಕಳೆ ಕೀಳುತ್ತಿದ್ದಳು. ಹಿಂದೆಯೇ ನಾಲೆ. ಹೆಂಗಸರು ಬಟ್ಟೆ ಒಗೆಯುತ್ತ ಯಾರದೋ ಮನೆಯ ಸುದ್ದಿ ಆಡುತ್ತಿದ್ದರು. ಅಜ್ಜಿ ಕಿವಿಯನ್ನೆಲ್ಲ ಆ ಕಡೆ ಇಟ್ಟು ನಡುನಡುವೆ ನಗುತ್ತಿದ್ದಳು.

"ಸೊಪ್ಪು ಚೆನ್ನಾಗಿ ಬಂದದೆ ಅಜ್ಜಿ."

"ಬತ್ತದೆ. ಕುಯ್ಯೋ ಒತ್ಗೆ ನಾನು ಅಲ್ಲಿರ್ತೀನಿ. ಅಲ್ಲಿ ಆಕಿರೋದು ಕುಯ್ಯೋ ಒತ್ಗೆ ಇಲ್ಲಿರ್ತೀನಿ. ನಾನ್ ಬೆಳೆದ್ ಸೊಪ್ಪು ನಾನ್ ಉಂಡು ಎಷ್ಟೋ ವರ್ಸ ಆಯ್ತು ಕೂಸೆ." ನಕ್ಕಳು. ಆಮೇಲೆ ಕೈಯ ಮಣ್ಣು ಒರೆಸಿಕೊಂಡು ದನಿ ತಗ್ಗಿಸಿದಳು. "ನಂಗೆ ಇಲ್ಲೇ ಆಗ್ಬೇಕಿತ್ತು ಕಣವ್ವ. ನಿಮ್ಮಪ್ಪುನ್ ಮನೆ ಬ್ಯಾಡ ಅಂತಲ್ಲ. ಇಲ್ಲಿ ಜನಗೋಳ ಮಾತು ಕೇಳ್ತದೆ."

"ಮತ್ತೆ ಅವತ್ತು ಕೇಳ್ದಾಗ ಹೇಳ್ಬೇಕಾಗಿತ್ತು!"

"ನಾಲ್ಗೆ ತುದೀಗೆ ಬಂದಿತ್ತು. ನಿಮ್ಮಪ್ಪುನ್ ಮುಖ ನೋಡ್ದೆ, ನುಂಗ್ಕಂಡೆ. ಇನ್ನೊಂದ್ಸಲ ಕೇಳ್ತಾರೆ, ಆಗ ಏಳ್ಬುಡವ ಅಂತ ಕಾದೆ." ಅಜ್ಜಿ ಒಂದು ಕಳೆ ಕಿತ್ತು ಬದಿಗೆಸೆದಳು. "ಕೇಳೋದು ಒಂದೇ ಸಲ ಕಣವ್ವ."

*

ಮಣ್ಣು ಮುಗಿಸಿ ಬಂದವರೆಲ್ಲ ಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿದರು. ಸಾವಿನ ಮನೆಯಲ್ಲಿ ಹೋಗಿ ಬರುತ್ತೇವೆ ಎನ್ನುವಂತಿಲ್ಲ. ದೂರದವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಎದ್ದು ಹೋದರು. ಮನೆಯವರು ನಂಜಣ್ಣನ ಜೊತೆ ಜಗುಲಿಯ ಮೇಲೆ ಪಕ್ಕದ ಮನೆಯಿಂದ ಬಂದ ಟೀ ಕುಡಿಯುತ್ತಿದ್ದಾಗ ಶಿವಶಂಕರನ ಫೋನು ಹೊಡೆದುಕೊಂಡಿತು, ಅಣ್ಣನ ವಿಡಿಯೊ ಕರೆ. ಆ ಮನೆಯಲ್ಲಿ ಸಿಗ್ನಲ್ ಸಿಗುವುದೂ ಜಗುಲಿಯ ಮೇಲೆ ಮಾತ್ರ.

ಸಿದ್ದರಾಜುವಿನ ಕಡೆ ಆಗಷ್ಟೇ ಬೆಳಗಾಗಿತ್ತು. ಮೊದಲು ಶಿವಣ್ಣನಿಗೆ ಸಮಾಧಾನದ ಮಾತು ಹೇಳಿದ, ಮನಸಾರೆಯೇ ಹೇಳಿದ. ಆಮೇಲೆ ಫೋನನ್ನು ಬೃಂದಾಳ ಕಡೆ ತಿರುಗಿಸಲು ಹೇಳಿ ಮೆಟ್ಟಿಲಿಳಿದು ಕೆಳಗಿನ ಕೋಣೆಯ ದೀಪ ಹಾಕಿದ.

"ನೋಡಮ್ಮ, ಎಲ್ಲಾ ರೆಡಿ. ಹೊಸ ಮಂಚ. ಪಕ್ಕದಲ್ಲೇ ಮಕ್ಕಳ ಆಟದ ಜಾಗ, ನೀನು ಮಲಗಿದ್ದಲ್ಲೇ ನೋಡ್ಕಬೋದು."

ಹೊಸ ಹೊದಿಕೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಕಿಟಕಿ ಸೂರಿಗೆ ಅಂಟಿದಷ್ಟು ಎತ್ತರದಲ್ಲಿತ್ತು. ಅದರ ಮುಕ್ಕಾಲು ಭಾಗವನ್ನು ಹೊರಗಿನ ಹಿಮ ಮುಚ್ಚಿತ್ತು.

"ನಾನೇ ಹೇಳ್ದೆ ಅಂತ ಆಗ್ಬಾರ್ದು. ನಿನ್ನ ಬಾಯಲ್ಲೇ ಬರ್ಲಿ. ಎಲ್ಲಿಗೆ ಬುಕ್ ಮಾಡ್ಲಮ್ಮ?"

ಅಪ್ಪ ನೋಡುತ್ತಿದ್ದ, ಕಣ್ಣು ಕೆಂಪಾಗಿತ್ತು. ಶಿವಶಂಕರ ಅಣ್ಣನಿಗಾಗಿ ಆಗಲೇ ನಗಲು ಸಿದ್ಧನಾಗಿದ್ದ. ಬೃಂದಾಳ ಬಾಯಲ್ಲಿ ಆ ಹಳೆಯ ಮಾತು ತನ್ನಷ್ಟಕ್ಕೆ ತಾನೇ ಏಳುತ್ತಿತ್ತು. ಅವಳು ಟೀ ಲೋಟವನ್ನು ಕೆಳಗಿಟ್ಟಳು.

"ಹ್ಯಾಲಿಫ್ಯಾಕ್ಸ್‌ಗೆ, ಭಾವ."

ಮೊದಲು ಚೇತರಿಸಿಕೊಂಡವನು ಅಪ್ಪ. "ದುಕ್ಕದಲ್ಲವ್ಳೆ ಕಣಪ್ಪ ಸಿದ್ದರಾಜು. ಅಜ್ಜಿ ಅಂದ್ರೆ ಪ್ರಾಣ ಬುಟ್ಕಂಡಿದ್ಲು. ಬೆಳಿಗ್ಗೆಯಿಂದ ಒಂದ್ ತುತ್ತು ತಿಂದಿಲ್ಲ, ಏನೋ ಅಂತಾಳೆ. ತಲೆಗಾಕ್ಕಬ್ಯಾಡ."

"ಅಯ್ಯೋ, ಗೊತ್ತಾಯ್ತು ಬಿಡಿ ಮಾವ. ಮಲಗ್ಲಿ ಪಾಪ. ಇಲ್ಲಿಗೇ ಬುಕ್ ಮಾಡ್ಬುಡ್ತೀನಿ." ಕರೆ ಮುಗಿಯಿತು.

ಅವ್ವ ಬಂದು ಮಗಳ ಬೆನ್ನು ಸವರಿದಳು. ಚಿಕ್ಕಮ್ಮ ಒಳಗೆ ಚಾಪೆ ಹಾಸಲು ಹೋದಳು. ಎಲ್ಲರ ಮುಖದಲ್ಲೂ ಅಕ್ಕರೆ. ಬೃಂದಾ ಹೇಳಿದ ಮಾತನ್ನು ಎಷ್ಟು ಮೆತ್ತಗೆ ಎತ್ತಿ ಹೊರಗಿಟ್ಟುಬಿಟ್ಟರು! ಅಜ್ಜಿ ಅವತ್ತು ಬಾಯಿಬಿಟ್ಟಿದ್ದರೂ ಹೀಗೇ ಆಗುತ್ತಿತ್ತಲ್ಲವೇ? ಗಂಡ ಹೋದ ದುಃಖ, ಏನೋ ಅಂತಾಳೆ ಎಂದು ಇದೇ ನಂಜಣ್ಣ, ಇದೇ ಅಪ್ಪ ಅವಳ ಬೆನ್ನು ಸವರಿ ಒಳಗೆ ಕಳಿಸುತ್ತಿದ್ದರು. ಬೃಂದಾಳಿಗೆ ದುಃಖಕ್ಕಿಂತ ಹೆಚ್ಚಾಗಿ ಕೋಪ ಬಂತು.

"ಫೋನ್ ಕೊಡಿ," ಎಂದಳು ಗಂಡನಿಗೆ.

"ನಾಳೆ ಮಾತಾಡವ ಬೃಂದಾ. ಇವತ್ತು ಬೇಡ."

"ಕೊಡ್ರೀ ಅಂದೆ."

ಅವನು ಕೊಡಲಿಲ್ಲ. ಅವಳೇ ಅವನ ಜೇಬಿನಿಂದ ತೆಗೆದುಕೊಂಡು ಸಿದ್ದರಾಜುವಿಗೆ ಮತ್ತೆ ಕರೆ ಮಾಡಿದಳು. ಅವ್ವ "ಇದೇನೇ ಇದು" ಎಂದಳು. ಅಪ್ಪ ಎದ್ದು ನಿಂತ. ಚಿಕ್ಕಮ್ಮ ಚಾಪೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಫೋನು ಆ ಕಡೆ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಸಿದ್ದರಾಜುವಿನ ಮುಖ ಮೂಡಿ "ಹೇಳಮ್ಮ?" ಎಂದಿತು.

ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ಬೃಂದಾ ತನ್ನನ್ನು ಕಂಡಳು. ಕೆದರಿದ ಕೂದಲು, ಅದೇ ಊರಿನ ಹೆಸರು ಮತ್ತೆ ಹೇಳಲು ತೆರೆದ ಬಾಯಿ. ಅವಳ ಹೆಗಲುಗಳ ಹಿಂದೆ ಅಪ್ಪ, ಅವ್ವ, ಗಂಡ, ಚಿಕ್ಕಪ್ಪ, ಚಿಕ್ಕಮ್ಮ, ನಂಜಣ್ಣ, ಎಲ್ಲರೂ ಒಬ್ಬರ ಮೇಲೊಬ್ಬರು ಬಾಗಿ ಆ ಚೌಕದೊಳಗೆ ಒತ್ತಿಕೊಂಡು ಬರುತ್ತಿದ್ದರು.