ಅಡ್ಡ ನಿಲ್ಲುವವಳು

ಅಬೂ ನಿಜಾರ್ ಕಾಫಿಯ ಪುಟ್ಟ ಬಟ್ಟಲನ್ನು ತುಟಿಯವರೆಗೆ ಒಯ್ದು, ಅಲ್ಲಿಂದಲೇ ಇಳಿಸಿ, ಮುಂದಿದ್ದ ಮೇಜಿನ ಮೇಲೆ ಇಟ್ಟುಬಿಟ್ಟರು.

ಅರ್ವಾ ಎತ್ತಿದ್ದ ತನ್ನ ಬಟ್ಟಲನ್ನು ಗಾಳಿಯಲ್ಲೇ ತಡೆದಳು. ಪಕ್ಕದಲ್ಲಿದ್ದ ಕೋಚ್ ವಿಸಾಮ್ ಆಗಲೇ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದ. ನುಂಗುವುದೋ ಬಿಡುವುದೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡು ಕೂತ.

"ಚಿಕ್ಕಪ್ಪಾ, ಕುಡೀರಿ," ಅರ್ವಾ ಪಿಸುಗುಟ್ಟಿದಳು. "ಬರೀ ನೋಡ್ಕೊಂಡು ಹೋಗೋಣ ಅಂದಿದ್ದು ನೀವೇ ಅಲ್ವಾ?"

"ಗೊತ್ತು ಮಗಳೇ. ಕೈ ಮಾತು ಕೇಳ್ಲಿಲ್ಲ."

ಕೇಳದಿರುವುದೂ ಸಹಜವೇ. ಸಲ್ತ್ ಊರಿನ ಹಳದಿ ಕಲ್ಲಿನ ಮನೆಗಳಲ್ಲಿ ಹೆಣ್ಣು ಕೇಳಲು, ಮುನಿದ ಅಣ್ಣತಮ್ಮಂದಿರನ್ನು ಕೂಡಿಸಲು, ಹರಿದ ರಕ್ತಕ್ಕೆ ಕ್ಷಮೆ ಬೇಡಲು ಅಬೂ ನಿಜಾರ್ ಹೋಗದ ಹಜಾರವಿರಲಿಲ್ಲ. ಬಂದ ಹಿರಿಯ ಕುಡಿಯದೆ ಬಟ್ಟಲು ಕೆಳಗಿಟ್ಟರೆ ಕೇಳುವುದೇನೋ ಇದೆ ಎಂದರ್ಥ. ಕೇಳಿದ್ದು ಸಿಗುವ ತನಕ ಜೊತೆಯವರೂ ಕುಡಿಯುವ ಹಾಗಿಲ್ಲ. ಜಲಾದ್ ಕ್ಲಬ್ಬಿನ ಹೆಂಗಸರ ಬಾಸ್ಕೆಟ್‌ಬಾಲ್ ತಂಡಕ್ಕೆ ಅಧ್ಯಕ್ಷರಾದ ಮೇಲೂ ಆ ಕೈಗೆ ಹಳೆಯ ಚಾಳಿಯೇ.

ಮನೆಯ ಯಜಮಾನ ಅಬೂ ಹಾತಿಮ್‌ಗೆ ಖುಷಿಯೋ ಖುಷಿ. ವರ್ಷಗಳ ನಂತರ ಅವರ ಹಜಾರದಲ್ಲಿ ಒಬ್ಬರು ಬಟ್ಟಲು ಕೆಳಗಿಟ್ಟಿದ್ದರು. "ಕೇಳಿ, ಕೇಳಿ! ನನ್ನ ಕಣ್ಣು ಬೇಕಂದ್ರೂ ಕೇಳಿ!" ಎಂದು ಎದೆ ಮುಟ್ಟಿಕೊಂಡರು. ಒಳಬಾಗಿಲ ಪರದೆ ಸರಿಯಿತು. ಅವರ ಅಕ್ಕ ಉಮ್ಮ್ ರಜಾ ಇಣುಕಿ, ವಿಸಾಮನನ್ನು ನೆತ್ತಿಯಿಂದ ಬೂಟಿನ ತನಕ ಅಳೆದಳು.

"ಇವನೇನಾ ಹುಡುಗ? ತಲೇಲಿ ಕೂದ್ಲೇ ಇಲ್ವಲ್ರೋ!"

ವಿಸಾಮ್ ಗುಟುಕು ನುಂಗಿದ.

"ಹುಡುಗ ಯಾರೂ ಇಲ್ಲ ಅಕ್ಕಾ," ಅಬೂ ನಿಜಾರ್ ಹೇಳಿದರು, "ಹನ್ನೊಂದು ಹುಡುಗೀರಿದ್ದಾರೆ. ಹನ್ನೆರಡನೆಯವಳಾಗಿ ನಿಮ್ಮ ಲುಜೈನ್ ಬೇಕು ಅಂತ…" ಅಲ್ಲಿಗೆ ನಿಂತು, ಜೊತೆಗಿದ್ದ ಇಬ್ಬರ ಮುಖ ನೋಡಿದರು. ಏಕೆಂದರೆ ಬೇಕೋ ಬೇಡವೋ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಕಾರಿನಲ್ಲಿ ಬೆಟ್ಟ ಹತ್ತುವ ತನಕ ಇದೇ ಜಗಳ. ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಅಮ್ಮಾನಿನ ಕ್ಲಬ್ಬಿನೊಂದಿಗೆ ಲುಜೈನ್‌ಳ ಕರಾರು ಮುಗಿದಿದೆ. ಈಗ ಅವಳು ಯಾರ ಆಟಗಾರ್ತಿಯೂ ಅಲ್ಲ, ಯಾರು ಬೇಕಾದರೂ ಕರೆಯಬಹುದು. ಆದರೆ ವಿಸಾಮನ ಕಣ್ಣು ಜರ್ಕಾ ಊರಿನ ಒಬ್ಬ ಹುಡುಗಿಯ ಮೇಲಿತ್ತು, ಓಡುತ್ತಲೇ ಬುಟ್ಟಿಗೆ ಹಾಕುವವಳು. ಅವಳು ಬಂದರೆ ಚೆಂಡು ಅವಳ ಕೈಗೆ ಹೋಗುತ್ತದೆ. "ನೀನು ಬೆಂಚಲ್ಲಿ ಕೂತು ಹುಡುಗೀರಿಗೆ ಬುದ್ಧಿ ಹೇಳು ಅರ್ವಾ, ಆ ಮಂಡಿಗೂ ವಿಶ್ರಾಂತಿ," ಎಂದಿದ್ದ, ಕನ್ನಡಿಯಲ್ಲಿ ಅವಳನ್ನು ನೋಡದೆ. ಲುಜೈನ್ ಬಂದರೆ ಮಾತ್ರ ಅರ್ವಾಳಿಗೆ ಇನ್ನೊಂದು ವರ್ಷದ ಆಟ. ಮಂಡಿ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ.

"ಏನ್ರಪ್ಪಾ," ಅಬೂ ಹಾತಿಮ್ ಕಾಲ ಮೇಲೆ ಕಾಲು ಹಾಕಿಕೊಂಡು ಹಿಂದೆ ಒರಗಿದರು, "ಮೂರು ಜನ ಬಂದು ನಾಲ್ಕು ಮಾತು ತಂದ ಹಾಗಿದೆ? ಮೊದ್ಲು ನೀವು ನೀವೇ ಜಗಳ ಮುಗಿಸ್ಕೊಳ್ಳಿ. ನನಗೇನೂ ಅವಸರ ಇಲ್ಲ."

"ಮರ್ಯಾದೆ ಇಟ್ಕೊಂಡೇ ಹೇಳ್ತೀನಿ ಸ್ವಾಮಿ," ವಿಸಾಮ್ ಶುರುಮಾಡಿದ, "ನಿಮ್ಮ ಮಗಳು ಬಂಗಾರ. ಆದ್ರೆ ಒಂದು ಆಟಕ್ಕೆ ನಾಲ್ಕು ಅಂಕ. ನಾಲ್ಕು! ಗೆಲ್ಲೋಕೆ ಅಂಕ ಬೇಕು."

"ಅವಳು ನಾಲ್ಕು ಹಾಕಿದ ದಿನ ನಾನು ಇಪ್ಪತ್ತು ಹಾಕ್ತಿದ್ದೆ," ಅರ್ವಾ ಅಂದಳು. "ಅದು ಯಾರ ಅಂಕ?"

"ನಿನ್ನದು."

"ಅಲ್ಲ ಕಣೋ!"

ಹೇಗೆ ಹೇಳುವುದು? ಕಿಟಕಿಯಾಚೆ ಸಂಜೆಯ ಬಿಸಿಲು ಎದುರುಗುಡ್ಡದ ಮನೆಗಳನ್ನು ಒಂದೊಂದಾಗಿ ಜೇನಿನಲ್ಲಿ ಅದ್ದಿ ಎತ್ತುತ್ತಿತ್ತು. ತಲೆಯ ಮೇಲೆ, ತಾರಸಿಯಲ್ಲಿ, ಏನೋ ಬಡಿಯುತ್ತಿತ್ತು: ಧಪ್, ಧಪ್, ಆಮೇಲೊಂದು ಮೌನ. ತನ್ನ ಎದೆಯೇ ಇರಬೇಕೆಂದುಕೊಂಡಳು ಅರ್ವಾ. ಹಿಂದೆ ಇಬ್ಬರೂ ಒಂದೇ ಕ್ಲಬ್ಬಿನಲ್ಲಿದ್ದಾಗ ಲುಜೈನ್ ಆಟದ ಅಂಗಳದ ಮಧ್ಯೆ ಎಲ್ಲೋ ಒಂದೆಡೆ ಬಂದು ಕಾಲೂರಿ ನಿಲ್ಲುತ್ತಿದ್ದಳು, ಅಷ್ಟೇ. ಅರ್ವಾಳನ್ನು ಬೆನ್ನಟ್ಟಿ ಬಂದ ಎದುರಾಳಿ ಅವಳ ಹೆಗಲಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಅರ್ವಾ ಆ ಹೆಗಲನ್ನು ಸವರಿಕೊಂಡು ಆಚೆ ಹೋದರೆ ಅಲ್ಲೊಂದು ಕೋಣೆ. ಬಾಗಿಲಿಲ್ಲ, ಚಾವಣಿಯಿಲ್ಲ, ಜನರ ಕೂಗಿಲ್ಲ. ಆ ಕೋಣೆಯಲ್ಲಿ ಅವಳು, ಚೆಂಡು ಮತ್ತು ಬುಟ್ಟಿ. ಈಗಲೂ ಕನಸಿನಲ್ಲಿ ಅವಳೊಂದು ಮನೆಗೆ ಹೋಗುತ್ತಾಳೆ. ಆ ಮನೆಗಿರುವುದು ಒಂದೇ ಗೋಡೆ. ಅವಳು ಎಲ್ಲಿ ತಿರುಗಿದರೂ ಆ ಗೋಡೆ ನಡೆದುಕೊಂಡು ಬಂದು ಅವಳಿಗೂ ಲೋಕಕ್ಕೂ ನಡುವೆ ನಿಲ್ಲುತ್ತದೆ. ಎದ್ದಾಗ ದಿಂಬು ಬೆಚ್ಚಗಿರುತ್ತದೆ.

ಇದನ್ನೆಲ್ಲ ಬೋಳುತಲೆಯ ಕೋಚಿಗೆ ಹೇಳಲಾಗುವುದಿಲ್ಲ. "ಬುಟ್ಟಿಗೆ ಹಾಕೋದು ಯಾರ ಕೈಲಾದ್ರೂ ಆಗುತ್ತೆ ವಿಸಾಮ್," ಎಂದಳು. "ಇನ್ನೊಬ್ಬರಿಗಾಗಿ ಅಡ್ಡ ನಿಲ್ಲೋದಿದೆಯಲ್ಲ, ಅದಕ್ಕೆ ದೊಡ್ಡ ಮನಸ್ಸು ಬೇಕು. ಆಟದಲ್ಲಿ ಅದಕ್ಕಿಂತ ಮೇಲಿನದು ಯಾವುದೂ ಇಲ್ಲ. ನನ್ನ ಕೇಳಿದ್ರೆ ರಾಣಿ ಅವಳೇ. ನಾವೆಲ್ಲ ಬರೀ ಚೆಂಡು ಹೊರೋರು."

"ಆಹಾ!" ಎಂದಳು ಪರದೆಯ ಹಿಂದಿನಿಂದ ಉಮ್ಮ್ ರಜಾ. "ಗಂಡಿನ ಕಡೆಯವರೂ ಇಷ್ಟು ಚೆನ್ನಾಗಿ ಹೊಗಳಲ್ಲ."

"ಕವಿತೆ ಚೆನ್ನಾಗಿದೆ," ವಿಸಾಮ್ ಅಂದ. "ಆದ್ರೆ ರಾಣಿಗೆ ಮೂವತ್ತೆರಡು. ಚೆಂಡು ಹೊರೋಳಿಗೆ ಮೂವತ್ಮೂರು. ಇಬ್ಬರನ್ನೂ ಇಟ್ಕೊಂಡು ನಾನು ತಂಡ ಕಟ್ಟಲೋ, ಆಸ್ಪತ್ರೆ ಕಟ್ಟಲೋ?"

"ನನಗೂ ಅದೇ ಅನುಮಾನ," ಎಂದರು ಅಬೂ ನಿಜಾರ್. ಅವರು ಗಡ್ಡ ಸವರಿಕೊಂಡು ಮೇಜಿನತ್ತ ನೋಡಿದರು. "ಆದ್ರೆ ಏನ್ಮಾಡೋದು? ಬಟ್ಟಲು ಇಟ್ಟಾಯ್ತು. ಈಗ 'ಬೇಡ ಬಿಡಿ' ಅಂತ ಎದ್ದು ಹೋದ್ರೆ ನಾಳೆ ಸಂತೆಬೀದೀಲಿ ನಾನು ತಲೆ ಎತ್ಕೊಂಡು ನಡೆಯೋ ಹಾಗಿಲ್ಲ. ಅಬೂ ಹಾತಿಮ್ ಮಗಳನ್ನ ಕೇಳೋಕೆ ಬಂದು ಬೇಡ ಅಂದೋನು ಅಂತಾರೆ."

"ನಾನೂ ಅದನ್ನೇ ಹೇಳೋನಿದ್ದೆ," ಎಂದರು ಅಬೂ ಹಾತಿಮ್ ಮೆತ್ತಗೆ.

"ಹಾಗಾದ್ರೆ ಕಾಫಿನೇ ಕೋಚ್ ಮಾಡ್ಕೊಳ್ಳಿ!" ವಿಸಾಮ್ ಎರಡೂ ಕೈ ಎತ್ತಿದ. ಆಮೇಲೆ ಅರ್ವಾಳ ಕಡೆ ತಿರುಗಿ ಬೆರಳು ತೋರಿಸಿದ. "ಸರಿ. ಅವಳು ಒಪ್ಪಿದ್ರೆ ನಿಮ್ಮಿಬ್ಬರನ್ನೂ ಆಡಿಸ್ತೀನಿ, ಹೇಗೆ ಆಡ್ತೀರೋ ನೀವೇ ನೋಡ್ಕೊಳ್ಳಿ. ಒಪ್ಪದಿದ್ರೆ ಜರ್ಕಾ ಹುಡುಗಿ ಬರ್ತಾಳೆ, ನೀನು ಬೆಂಚು. ಆಮೇಲೆ ಅಳಬಾರದು."

"ಅಳಲ್ಲ."

"ನನ್ನ ಕಡೆಯಿಂದ ಒಪ್ಪಿಗೆ, ಸಾವಿರ ಸಲ ಒಪ್ಪಿಗೆ," ಅಬೂ ಹಾತಿಮ್ ಘೋಷಿಸಿದರು. "ಕುಡೀರಿ. ಆದ್ರೆ ಆಡೋಳು ಅವಳು. ಮೇಲಿದ್ದಾಳೆ, ಹೋಗಿ ಕೇಳಮ್ಮಾ."

ಕಾಫಿ ಆರಿ ಹೋಗಿತ್ತು. ಅರ್ವಾ ಒಂದೇ ಉಸಿರಿಗೆ ಕುಡಿದು ಎದ್ದಳು.

ಮೆಟ್ಟಿಲುಗಳು ಕಲ್ಲಿನವು, ನಡು ಸವೆದು ತೊಟ್ಟಿಲಿನಂತಾಗಿದ್ದವು. ಪ್ರತಿ ಹೆಜ್ಜೆಗೂ ಮಂಡಿ ತನ್ನ ಪಾಲಿನ ಮಾತಾಡಿತು. ಮೇಲೆ ಹೋದಂತೆ ಆ ಧಪ್ ಧಪ್ ದೊಡ್ಡದಾಗುತ್ತ ಬಂತು. ಎದೆಯಲ್ಲ, ಚೆಂಡು.

ನೀರಿನ ತೊಟ್ಟಿಯ ಕಬ್ಬಿಣದ ಕಾಲಿಗೆ ಬಲೆಯಿಲ್ಲದ ಬುಟ್ಟಿಯೊಂದನ್ನು ಕಟ್ಟಿತ್ತು. ಅದರ ಹಿಂದೆ ಗೋಡೆಯಿಲ್ಲ, ಆಕಾಶ. ಗುರಿ ತಪ್ಪಿದರೆ ಚೆಂಡು ಮೂರು ಮನೆಗಳ ತಾರಸಿ ದಾಟಿ ಕಣಿವೆಯ ಬೀದಿಗೆ ಬೀಳಬೇಕು. ಲುಜೈನ್ ತಪ್ಪುತ್ತಿರಲಿಲ್ಲ. ಬರಿಗಾಲಲ್ಲಿ, ತೋಳು ಮಡಚಿದ ಮನೆಯಂಗಿಯಲ್ಲಿ, ಆ ಅಗಲವಾದ ಹೆಗಲನ್ನು ಒಂದು ಚೂರು ಓರೆ ಮಾಡಿ ಎಸೆಯುತ್ತಿದ್ದಳು. ಚೆಂಡು ಮೇಲೇರಿ, ಬೆಟ್ಟದ ಮೇಲೆ ಸುತ್ತುತ್ತಿದ್ದ ಪಾರಿವಾಳಗಳ ಗುಂಪಿನೊಳಗೆ ಒಂದು ಕ್ಷಣ ತಾನೂ ಒಂದಾಗಿ, ಅಲ್ಲಿಂದ ಬೇಸರದಿಂದೆಂಬಂತೆ ಇಳಿದು ಉಂಗುರದ ಒಳಗೆ ಹೋಗುತ್ತಿತ್ತು. ಲುಜೈನ್ ಹೀಗೆ ಎಸೆಯುವುದನ್ನು ಅರ್ವಾ ಎಂದೂ ನೋಡಿರಲಿಲ್ಲ.

"ನನ್ನ ಕೇಳೋಕೆ ಬಂದಿದ್ದಾರಂತೆ?" ತಿರುಗದೆಯೇ ಕೇಳಿದಳು ಲುಜೈನ್. "ಅತ್ತೆ ಕೆಳಗಿಂದ ಕೂಗಿ ಹೇಳಿದ್ಲು. ಹುಡುಗ ಬೋಳ ಅಂತೆ."

"ಹುಡುಗ ನಾನೇ."

ಲುಜೈನ್ ನಕ್ಕಳು. "ಮಂಡಿ ಹೇಗಿದೆ ಮದುಮಗನೇ?"

"ಇನ್ನೊಂದು ವರ್ಷ ಕೊಡ್ತೀನಿ ಅಂದಿದೆ. ನೀನು ಬಂದ್ರೆ."

ಲುಜೈನ್ ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. "ಒಂದು ವಿಷಯ ಗೊತ್ತಾ ಅರ್ವಾ? ನೀನು ಹಾಕಿದ್ದು ಒಂದನ್ನೂ ನಾನು ನೋಡಿಲ್ಲ. ಡಿಕ್ಕಿ ಹೊಡೆಯೋಳ ಮುಖ ನೋಡ್ತಾ ನಿಂತಿರ್ತಿದ್ದೆ. ಬೆನ್ನ ಹಿಂದೆ ಜನ ಕೂಗಿದ್ರೆ, ಓ, ಬಿತ್ತು ಅಂತ. ಕೂಗದಿದ್ರೆ ಇಲ್ಲ ಅಂತ."

ಆ ಕೋಣೆಗೆ ಹೊರಗಿನ ಬದಿಯೂ ಒಂದಿದೆಯೆಂದು ಅರ್ವಾಳಿಗೆ ಹೊಳೆದಿರಲಿಲ್ಲ.

"ಬರ್ತೀನಿ," ಎಂದಳು ಲುಜೈನ್. "ಒಂದೇ ಷರತ್ತು. ಈ ಸಲ ನಿಲ್ಲೋಳು ನೀನು, ಓಡೋಳು ನಾನು."

"ಏನು?"

"ಓಡೋಕೆ ಆ ಮಂಡಿ ಬಿಡಲ್ಲ. ನಿಲ್ಲೋಕೆ ಬಿಡುತ್ತೆ. ವಿಸಾಮ್‌ಗೆ ಅಂಕ ಬೇಕಲ್ಲ, ನಾನು ಹಾಕ್ತೀನಿ. ಹೇಗೆ ಹಾಕ್ತೀನಿ ಅಂತ ನೋಡ್ದೆಯಲ್ಲ? ನೀನು ವರ್ಷಪೂರ್ತಿ ಅಂಗಳದಲ್ಲಿರ್ತೀಯ. ಕಷ್ಟ ಏನಿಲ್ಲ ಕಣೇ, ಬಾ, ತೋರಿಸ್ತೀನಿ."

ಹೆಗಲು ಹಿಡಿದು ಅವಳೇ ನಿಲ್ಲಿಸಿದಳು. ಕಾಲು ಅಗಲಕ್ಕೆ. ಕೈ ಎದೆಯ ಮೇಲೆ ಕಟ್ಟಿಕೋ. ಗಲ್ಲ ಒಳಕ್ಕೆ. ಅಲುಗಬೇಡ. ಅರ್ವಾ ನಿಂತಳು. ಅವಳ ಮುಂದೆ ಇದ್ದದ್ದು ಒಗೆದ ಬಟ್ಟೆಯ ಹಗ್ಗ, ಒಂದು ಹಳೆಯ ಕುರ್ಚಿ, ಮೆಟ್ಟಿಲಿನ ಕತ್ತಲೆ ಬಾಯಿ. ಲುಜೈನ್ ದೂರದಿಂದ ಓಡಿಬಂದಳು. ಅವಳ ತೋಳು ಅರ್ವಾಳ ತೋಳನ್ನು ಸವರಿ ಹೋಯಿತು, ಬೆಚ್ಚಗೆ, ಕನಸಿನಲ್ಲಿ ಆಗುವ ಹಾಗೆಯೇ. ಆಮೇಲೆ ಬೆನ್ನ ಹಿಂದೆ ಒಂದು ದೀರ್ಘ ಮೌನ. ಅಲ್ಲಿ ಏನೋ ಏರುತ್ತಿತ್ತು, ಇಳಿಯುತ್ತಿತ್ತು. ಪಾರಿವಾಳಗಳು ರೆಕ್ಕೆ ಪಟಪಟನೆ ಬಡಿದು ದಿಕ್ಕು ಬದಲಿಸಿದವು. ತಿರುಗಿ ನೋಡಲು ಅವಳ ಕತ್ತಿನ ನರಗಳೆಲ್ಲ ಎಳೆದವು.

ಧಪ್.

"ಬಿತ್ತು!" ಲುಜೈನ್ ಮಗುವಿನಂತೆ ಕೂಗಿದಳು. ಏದುಸಿರು ಬಿಡುತ್ತ ಎದುರಿಗೆ ಬಂದು ನಿಂತಳು. ಮುಖದ ತುಂಬ ಆ ಕೋಣೆಯ ಬೆಳಕು. "ಎಷ್ಟು ಚೆನ್ನಾಗಿ ನಿಂತೆ ನೋಡು! ಹುಟ್ಟಿದಾಗಿಂದ ನಿಂತೋಳ ಹಾಗೆ. ಕೆಳಗೆ ಹೋಗಿ ಹೇಳೋಣ್ವಾ? ಇಬ್ಬರೂ ಆಡ್ತೀವಿ ಅಂತ?"

ಕೆಳಗೆ ಉಮ್ಮ್ ರಜಾ ಜೋರಾಗಿ ನಗುತ್ತಿದ್ದಳು. ಲುಜೈನ್ ಕೈ ಚಾಚಿದ್ದಳು. ಆ ಕೈಯಲ್ಲಿ ಇನ್ನೊಂದು ವರ್ಷ ಪೂರ್ತಿ ಇತ್ತು: ದೀಪಗಳು, ಬೆವರು, ಬೂಟುಗಳ ಕೀರಲು ದನಿ, ಎಲ್ಲವೂ, ಆ ಕೋಣೆಯೊಂದನ್ನು ಬಿಟ್ಟು.

"ಇಲ್ಲ," ಎಂದಳು ಅರ್ವಾ. "ನಾನು ನಿಲ್ಲಲ್ಲ."