ಓಡಿಸಲಾಗಿದೆ

"ದನ ಕಾಯೋಕೂ ಲಾಯಕ್ಕಿಲ್ಲದೋನಿಗೆ ಯಾರಯ್ಯ ಈ ಖಾಕಿ ಹೊಲಿಸಿಕೊಟ್ಟಿದ್ದು?"

ಠಾಣೆಯ ಅಂಗಳದಲ್ಲಿ ಬೆಳಗಿನ ಹಾಜರಿಗೆ ಸಾಲಾಗಿ ನಿಂತವರ ಎದುರಿಗೇ ಸಾಹೇಬರು ಕೇಳಿದರು. ಕೇಳಿದ್ದು ಎಲ್ಲರೂ 'ಬನ್ನು' ಎಂದು ಕರೆಯುತ್ತಿದ್ದ ಪೇದೆಯನ್ನು. ಲಾಠಿ ಮರೆತು ಬಂದರೂ ಜೇಬಿನಲ್ಲಿ ಬನ್ನು ತರುವುದನ್ನು ಮರೆಯದವನು ಎಂದು ಆ ಹೆಸರು ಅಂಟಿತ್ತು. ಸಾಲಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು. ದೂರು ಕೊಡಲು ಬಂದು ಬೆಂಚಿನ ಮೇಲೆ ಕೂತವರೂ ನಕ್ಕರು. ಬೆಂಚಿನ ತುದಿಯಲ್ಲಿದ್ದ ಅಂಚೆಯವನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಗೇಟಿನ ಕಡೆ ನೋಡುತ್ತಿದ್ದಳು.

ಗೇಟಿನ ಹೊರಗೆ ಕುದುರೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಾದ, ಬೂದು ಬಣ್ಣದ ಮುದಿ ಕುದುರೆ. ಮುಂಗಾಲಿನ ಮೇಲೆ ಆರುತ್ತ ಬಂದ ಗಾಯ, ಗಾಯದ ಅಂಚಿಗೆ ಒಂದು ಕೆಂಪು ಗೀರು. ಅದು ರಕ್ತವಲ್ಲ, ಅಂಚೆಯವನ ಸ್ಕೂಟರಿನ ಬಣ್ಣ.

"ನಿನ್ನೆ ಕಲ್ಲಿನಾಚೆ ಬಿಟ್ಟು ಬಂದೆ ಅಂದ್ಯಲ್ಲಯ್ಯ?"

"ಬಿಟ್ಟಿದ್ದೆ ಸಾರ್."

"ಮತ್ತೆ ಇದ್ಯಾರು? ಅದರ ತಮ್ಮನಾ?"

ಈಗ ಎಲ್ಲರೂ ಬಾಯಿಬಿಟ್ಟೇ ನಕ್ಕರು. ನಗು ಮುಗಿಯುವವರೆಗೆ ಸಾಹೇಬರು ಕಾದರು. "ಮಧ್ಯಾಹ್ನ ಮೇಲಿನವರು ತಪಾಸಣೆಗೆ ಬರ್ತಾರೆ. ಅಷ್ಟೊತ್ತಿಗೆ ಇದು ಇಲ್ಲಿರಬಾರದು. ಪುಸ್ತಕದಲ್ಲೂ ಬರೆದಿರ್ಬೇಕು. ಗೊತ್ತಾಯ್ತಾ?"

ಏನು ಬರೆಯಬೇಕೆಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಊರಾಚೆ ಎರಡು ಮೈಲಿ ದೂರದಲ್ಲಿ ಸುಣ್ಣ ಬಳಿದ ಗಡಿಕಲ್ಲೊಂದಿತ್ತು. ಈಚೆ ಈ ಠಾಣೆ, ಆಚೆ ಪಕ್ಕದ ಠಾಣೆ. ಬೀದಿಗೆ ಬಿದ್ದ ದನವೋ ಕತ್ತೆಯೋ ಹಂದಿಯೋ, ಕಲ್ಲು ದಾಟಿಸಿದರೆ ಪೀಡೆ ಕಳೆಯಿತು. ಪಕ್ಕದ ಠಾಣೆಯವರೇನು ಬಾಯಲ್ಲಿ ಬೆರಳಿಟ್ಟುಕೊಂಡು ಕೂತಿರಲಿಲ್ಲ. ಮರುದಿನವೇ ಈಚೆಗೆ ಅಟ್ಟುತ್ತಿದ್ದರು. ಎರಡು ಠಾಣೆಗಳ ಪುಸ್ತಕದಲ್ಲೂ ಒಂದೇ ಸಾಲು: 'ಸರಹದ್ದಿನಾಚೆ ಓಡಿಸಲಾಗಿದೆ.' ಓಡಿಸಿದವರು ಯಾರು? ಆ ಪುಸ್ತಕದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ನೋಡಲಾಗಿದೆ, ವಿಚಾರಿಸಲಾಗಿದೆ, ಬುದ್ಧಿ ಹೇಳಿ ಕಳಿಸಲಾಗಿದೆ. ಮಾಡಿದವನ ಕೈಗೆ ಮಸಿಯ ಕಲೆಯೂ ತಾಗದಂಥ ಭಾಷೆ.

ಹನ್ನೊಂದು ದಿನದ ಹಿಂದೆ, ಹೊತ್ತು ಮುಳುಗುವಾಗ, ಅಂಚೆಯವನು ಆ ಕಲ್ಲಿನ ಬಳಿ ಬಿದ್ದು ಸತ್ತಿದ್ದ. ಸ್ಕೂಟರು ಈಚೆ ಬಿದ್ದಿತ್ತು, ತಲೆ ಆಚೆ. ಎರಡು ಠಾಣೆಯವರೂ ಟೇಪು ಹಿಡಿದು ಅಳೆದರು. ತಲೆಯೊಡೆದು ಸತ್ತದ್ದು, ತಲೆ ನಿಮ್ಮಲ್ಲಿದೆ ಎಂದರು ಇವರು. ಗಾಡಿ ಬಿದ್ದಲ್ಲೇ ಕೇಸು ಎಂದರು ಅವರು. ಅಳೆದದ್ದೇ ಬಂತು, ಯಾರೂ ಬರೆದುಕೊಳ್ಳಲಿಲ್ಲ. ಅಂದಿನಿಂದ ಅವನ ಹೆಂಡತಿ ಬೆಳಿಗ್ಗೆ ಈ ಬೆಂಚು, ಮಧ್ಯಾಹ್ನ ಆ ಠಾಣೆಯ ಬೆಂಚು.

"ಕುಡಿದು ಬಿದ್ದ ಅಂತ ಊರೆಲ್ಲ ಆಡ್ಕೊಳ್ತಿದೆ ಸಾಹೇಬ್ರೆ. ಕುದುರೆ ಅಡ್ಡ ಇತ್ತು ಅಂತ ಒಂದೇ ಒಂದು ಸಾಲು ಬರ್ಕೊಳಿ," ಎನ್ನುತ್ತಿದ್ದಳು. ಬೇರೇನನ್ನೂ ಕೇಳುತ್ತಿರಲಿಲ್ಲ.

ಕುಡಿದಿರಲಿಲ್ಲ. ಅದು ಬನ್ನುವಿಗೆ ಗೊತ್ತಿತ್ತು. ಅಲ್ಲಿಗೆ ಮೊದಲು ತಲುಪಿದವನು ಅವನೇ. ತಲೆ ಎತ್ತಿ ಹಿಡಿದಾಗ ಬಾಯಿಂದ ಚಹಾದ ವಾಸನೆ ಬಂದಿತ್ತು. ಚೀಲ ಬಿಚ್ಚಿಕೊಂಡು ಕಾಗದಗಳು ರಸ್ತೆ ತುಂಬ ಹರಡಿದ್ದವು. ಕುದುರೆ ಅವುಗಳ ನಡುವೆ ಕುಂಟುತ್ತ ಬಂದು ಅವನ ಜೇಬಿಗೆ ಮೂತಿ ತೂರಿಸಿತ್ತು. ಆಗ, ಒಂದು ಕೈಯಲ್ಲಿ ಸತ್ತವನ ತಲೆ ಇರುವಾಗಲೇ, ಇನ್ನೊಂದು ಕೈ ತನ್ನಷ್ಟಕ್ಕೆ ತಾನು ಬನ್ನು ಮುರಿದು ಕುದುರೆಯ ಬಾಯಿಗಿಟ್ಟಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಊಟಕ್ಕೆ ಕೂತಾಗ, ಕ್ಷೌರದ ಕುರ್ಚಿಯಲ್ಲಿ ಕಣ್ಣು ಮುಚ್ಚಿದಾಗ, ಜೇಬಿನ ಮೇಲೆ ಆ ಬಿಸಿ ಉಸಿರು ಬಂದು ಕೂರುತ್ತಿತ್ತು. ಅಂಗಿ ಬದಲಿಸಿದರೂ ಹೋಗುತ್ತಿರಲಿಲ್ಲ.

ಅವನು ಗೇಟು ದಾಟಿ ನಡೆದ. ಹಗ್ಗ ಬೇಕಿರಲಿಲ್ಲ, ಕುದುರೆ ಹಿಂದೆಯೇ ಬಂತು. ಪಕ್ಕದ ಠಾಣೆಗೆ ಹೋಗುವ ಹೊತ್ತಾಗಿತ್ತೇನೋ, ಅಂಚೆಯವನ ಹೆಂಡತಿಯೂ ಎದ್ದು ಬಂದಳು. ಗ್ಯಾರೇಜು, ಹಿಟ್ಟಿನ ಗಿರಣಿ, ಮುಚ್ಚಿದ ಟಾಕೀಸು ದಾಟುವವರೆಗೆ ಮೂವರಲ್ಲಿ ಸದ್ದು ಮಾಡಿದ್ದು ಗೊರಸು ಮಾತ್ರ.

"ಹೊಡೆಯೋದೇ ಇಲ್ವಾಣ್ಣ ನೀವು ಇದಕ್ಕೆ?"

"ಇಲ್ಲಕ್ಕ. ಹೊಡೆದ್ರೆ ದಿಕ್ಕಾಪಾಲಾಗಿ ಓಡುತ್ತೆ. ಬನ್ನು ತೋರಿಸಿದ್ರೆ ತಾನಾಗೇ ಬರುತ್ತೆ."

"ತುಂಬ ದಿನದಿಂದ ತೋರಿಸ್ತಿದ್ದೀರಾ?"

"ಒಂದು ತಿಂಗಳಾಯ್ತು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರು ಇದರ ವಿಷಯ ಹೇಳೋರು. ಕಲ್ಲಿನ ಹತ್ರ ಒಂದು ಮುದಿ ಕುದುರೆ ಊರಿನ ಕಡೆ ಮುಖ ಮಾಡ್ಕೊಂಡು ರಸ್ತೆ ಮಧ್ಯ ನಿಂತಿರುತ್ತೆ ಕಣೇ, ಹಾರ್ನ್ ಹೊಡೆದ್ರೂ ಜಗ್ಗಲ್ಲ, ಪಾಪ ಅದಕ್ಕೂ ಯಾರಾದ್ರೂ ಕಾಗದ ಬರೀಬೇಕಿತ್ತೇನೋ ಅಂತ. ನಾನು ನಗ್ತಿದ್ದೆ." ಅವಳು ನಿಂತಳು. ಕಲ್ಲು ಇನ್ನು ಹತ್ತು ಹೆಜ್ಜೆ ಇತ್ತು. "ಯಾರಿಗೆ ಕಾಯ್ತಿತ್ತಣ್ಣ ಅದು?"

ಅವನ ಕೈ ಜೇಬಿನಲ್ಲೇ ಉಳಿಯಿತು. ಕುದುರೆ ಕಲ್ಲಿನವರೆಗೆ ತಾನೇ ಹೋಯಿತು. ಕಲಿಸಿದ ಪಾಠ ಒಪ್ಪಿಸುವಂತೆ ಸುತ್ತು ಹಾಕಿ, ರಸ್ತೆಯ ನಡುವೆ, ಅವನ ಕಡೆ ಮುಖ ಮಾಡಿ ನಿಂತಿತು. ಬೇರೆ ಪೇದೆಗಳು ಬೆನ್ನಿಗೆ ಬಾರಿಸಿ ಅಟ್ಟಿದ ಪ್ರಾಣಿಗಳು ಹೊಲ ಬಿದ್ದು ಓಡಿಹೋಗುತ್ತಿದ್ದವು. ಕಾಯುತ್ತ ನಿಂತದ್ದು ಇದೊಂದೇ.

ಅವನು ಬನ್ನು ಕೊಡಲಿಲ್ಲ. ತಿರುಗಿ ಊರಿನ ಕಡೆ ಹೊರಟ. ಗೊರಸಿನ ಸದ್ದು ಹಿಂದೆ ಬಂತು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿಯ ಸದ್ದೂ ಬಂತು.

ಠಾಣೆಯಲ್ಲಿ ಗೇಟಿನ ಕಂಬಿಗೆ ಕುದುರೆಯನ್ನು ಹಗ್ಗದಿಂದ ಕಟ್ಟಿ ಒಳಗೆ ಹೋದ. ದಫೇದಾರರು "ಲೇ, ಮತ್ತೆ ಕರ್ಕೊಂಡು ಬಂದ್ಯಾ? ತಲೆಗಿಲೆ ಕೆಟ್ಟಿದ್ಯಾ?" ಎನ್ನುವಷ್ಟರಲ್ಲಿ ಪುಸ್ತಕ ಎಳೆದುಕೊಂಡು ಬರೆಯತೊಡಗಿದ್ದ. ಪೆನ್ನು ಕಾಗದ ಹರಿಯುವಂತೆ ಊರುತ್ತಿತ್ತು. 'ಕುದುರೆಯನ್ನು ಕಲ್ಲಿನ ಬಳಿ ಬಿಟ್ಟವನು ನಾನು. ದಿನವೂ ಬನ್ನು ಹಾಕಿ ರೂಢಿ ಮಾಡಿಸಿದವನು ನಾನು. ಅದು ರಸ್ತೆಗೆ ಅಡ್ಡ ನಿಂತದ್ದು ನನಗಾಗಿ ಕಾಯುತ್ತ. ಅಂಚೆಯವರು ಕುಡಿದಿರಲಿಲ್ಲ.' ಕೆಳಗೆ ರುಜು ಹಾಕಿದ.

ತಪಾಸಣೆಗೆ ಬಂದಿದ್ದ ಮೇಲಿನವರು ಸಾಹೇಬರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಹೊರಗೆ ಬಂದ ಸಾಹೇಬರು ಪುಸ್ತಕ ನೋಡಿದರು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಏನಯ್ಯ ಇದು, ನಾನು ನಾನು ಅಂತ? ಬರೆಯೋ ರೀತಿನಾ ಇದು? 'ಓಡಿಸಲಾಗಿದೆ' ಅಂತ ಬರೆಯೋಕೂ ಬರಲ್ವಾ? ಎಷ್ಟನೇ ಕ್ಲಾಸಯ್ಯ ನೀನು ಓದಿದ್ದು?"

ಈ ಸಲ ಯಾರೂ ನಗಲಿಲ್ಲ. ಚಹಾದ ಲೋಟ ಹಿಡಿದವರೊಬ್ಬರು ಬಾಗಿಲಿಗೆ ಬಂದು ನಿಂತರು. ಅಂಚೆಯವನ ಹೆಂಡತಿ ಬೆಂಚಿನಿಂದ ಎದ್ದು ಮೇಜಿನ ಬಳಿ ಬಂದು, ತೆರೆದ ಪುಟದ ಅಂಚಿಗೆ ಒಂದು ಬೆರಳಿಟ್ಟಳು.

ಬನ್ನು ಪೆನ್ನಿಗೆ ಮುಚ್ಚಳ ಹಾಕಿದ. ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ನಿನ್ನನ್ನೇ ಕೇಳ್ತಿರೋದು ಕಣಯ್ಯ!"

ಅವನು ಅಂಗಳ ದಾಟಿದ. ಗೇಟಿನ ಬಳಿ ಕುದುರೆ ಅವನ ಜೇಬು ಮೂಸಿತು. ಬನ್ನನ್ನು ಅದರ ಬಾಯಿಗಿಟ್ಟು, ಜೇಬಿನ ಒಳಬಟ್ಟೆಯನ್ನು ಹೊರಗೆಳೆದು ಕೊಡವಿ, ಹಿಂದಿರುಗಿ ನೋಡದೆ ರಸ್ತೆಗಿಳಿದ. ಕುದುರೆ ಅಗಿಯುವುದನ್ನು ಬಿಟ್ಟು ಅವನ ಹಿಂದೆ ಹೆಜ್ಜೆ ಹಾಕಿತು. ಹಗ್ಗ ಬಿಗಿಯಿತು. ಅದರೊಂದಿಗೆ ಠಾಣೆಯ ಕಬ್ಬಿಣದ ಗೇಟು, ಕಿರ್ರೆಂದು ನೆಲ ಗೀಚುತ್ತ, ಮೆಲ್ಲಗೆ ರಸ್ತೆಯ ಕಡೆಗೆ ತೆರೆದುಕೊಳ್ಳತೊಡಗಿತು.